ಖಾರ ಹಾಕದ ಬೋಗುಣಿ

ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆದದ್ದೇ ತಡ, ನಾನು ಮೂಗಿಗೆ ಸೆರಗು ಒತ್ತಿಕೊಂಡು ಹಿಂದಿನ ಬಾಗಿಲಿಗೆ ಓಡಿದೆ. ಗಾಳಿಯಂತ್ರಗಳ ಗುಡ್ಡ ಅದು, ಗಾಳಿಗೇನೂ ಕೊರತೆಯಿಲ್ಲ. ಆದರೂ ಆ ಹೊಲಸು ವಾಸನೆ ಬೆನ್ನು ಬಿಡಲಿಲ್ಲ. ಕಟ್ಟೆಯ ಮೇಲೆ ಕೂತು ಎರಡು ಸಲ ಓಕರಿಸಿದೆ. ಒಳಗಿನಿಂದ ನನ್ನ ನೆಗೆಣ್ಣಿ ನಗುವುದು ಕೇಳುತ್ತಿತ್ತು.

“ಯಕ್ಕಾ, ಇನ್ನಾ ಒಂದ ಪೆಟ್ಟಿಗಿ ತಗದೀನಿ. ಉಳದಾವ ಹಂಗ ಅದಾವ ನೋಡ!”

“ನೀನ ತಗಿ ನಮ್ಮವ್ವಾ. ಆ ಹೆಣಾ ನನಗ ತೋರಸಬ್ಯಾಡ,” ಎಂದೆ.

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಗಜೇಂದ್ರಗಡದಲ್ಲಿ ನಮ್ಮದು ಮಟನ್ ಖಾನಾವಳಿ. ಒಲೆಯ ಮುಂದೆ ನಾವಿಬ್ಬರೇ. ಊರಾಚೆಯ ಗುಡ್ಡದ ಮೇಲೆ ಗಾಳಿಯಂತ್ರದ ಕಂಪನಿಯೊಂದರ ಗೆಸ್ಟ್‌ಹೌಸ್ ಇದೆ. ಅಲ್ಲಿಯ ಅಡುಗೆ ಗುತ್ತಿಗೆಯೂ ನಮಗೇ ಸಿಕ್ಕಿತ್ತು. ಬರೀ ಖಾನಾವಳಿಯ ಮೇಲೆ ಎರಡು ಸಂಸಾರ ಎಳೆಯುವುದು ಎಷ್ಟು ಕಷ್ಟ ಅನ್ನುವುದನ್ನು ನಾವು ಉಂಡು ನೋಡಿದ್ದೆವು. ಗುಡ್ಡದ ಕೆಲಸ ಬಂದ ಮೇಲೆ ಇಬ್ಬರೂ ಸ್ವಲ್ಪ ನಿರಾಳವಾಗಿ ಉಸಿರಾಡುತ್ತಿದ್ದೆವು. ಹಾಗಾಗಿ ಅಲ್ಲಿಯ ಮ್ಯಾನೇಜರ್ ಏನು ಹೇಳಿದರೂ “ಆತ್ರಿ ಸಾಹೇಬ್ರ” ಅನ್ನುವುದು ನನಗೆ ರೂಢಿಯಾಗಿಬಿಟ್ಟಿತ್ತು.

ಆ ಮ್ಯಾನೇಜರ್‌ಗೆ ಒಂದು ಹುಚ್ಚು ಹತ್ತಿತ್ತು. ಯಂತ್ರಗಳನ್ನು ನೋಡಲು ನಾಲ್ಕೂ ದಿಕ್ಕಿನ ದೇಶಗಳಿಂದ ದೊಡ್ಡ ಮಂದಿ ಬರುತ್ತಾರೆ, ಅವರಿಗೆ ಅವರವರ ಕಡೆಯ ಮೀನು ಮಾಡಿ ಬಡಿಸಬೇಕು ಅಂತ. ನಾರ್ವೆಯವರಿಗೆ ಸಾಲ್ಮನ್, ವಿಯೆಟ್ನಾಮಿನವರಿಗೆ ಬಾಸಾ, ಬಾಂಗ್ಲಾದವರಿಗೆ ಹಿಲ್ಸಾ. ಇನ್ನೊಂದು ಟ್ಯೂನಾ, ಅದು ಎಲ್ಲರಿಗೂ. “ಜಗತ್ತಿನ ಮೀನೆಲ್ಲ ನಮ್ಮ ಗುಡ್ಡದ ಮೇಲೆ ಅಮ್ಮಾ!” ಎಂದು ಫೋನಿನಲ್ಲಿ ವಿಡಿಯೊ ತೋರಿಸಿದ. ಜೋಳ, ಕಡಲೆ, ಹತ್ತಿ ಬೆಳೆಯುವ ಎರೆಸೀಮೆಗೆ ಸಮುದ್ರ ಹೊತ್ತು ತರುತ್ತೇನೆ ಅನ್ನುವವನಿಗೆ ಏನು ಹೇಳುವುದು? ಆತ್ರಿ ಸಾಹೇಬ್ರ ಅಂದೆ.

ಆದರೆ ಒಂದು ತೊಡಕಿತ್ತು. ನನಗೆ ಮೀನು ಅಂದರೆ ಆಗುವುದಿಲ್ಲ. ಕುರಿಯ ತಲೆ ಸುಡುತ್ತೇನೆ, ಕಾಲು ಸುಡುತ್ತೇನೆ, ಬೋಟಿ ತಿಕ್ಕಿ ತೊಳೆಯುತ್ತೇನೆ, ಮುಖ ಕಿವುಚುವುದಿಲ್ಲ. ಮೀನಿನ ಒಂದು ಲೋಳೆ ಹನಿ ಕೈಗೆ ಹತ್ತಿದರೆ ಅವತ್ತೆಲ್ಲ ಆ ಕೈಯಲ್ಲಿ ಅನ್ನ ಸೇರುವುದಿಲ್ಲ. ಇದರ ಮೇಲೆ ನಮ್ಮತ್ತೆ ಹಾಕಿಕೊಟ್ಟ ಕಟ್ಟಳೆ ಬೇರೆ: ಒಲೆಯಿಂದ ಇಳಿದದ್ದನ್ನು ಅಡುಗೆಯವರು ಒಂದು ತುತ್ತು ತಿಂದು ನೋಡದೆ ಗಿರಾಕಿಯ ತಾಟಿಗೆ ಹಾಕುವಂತಿಲ್ಲ. ಉಪ್ಪು ನೋಡುವುದು ಅನ್ನುತ್ತೇವೆ ನಾವು. ಮೀನಿನ ಉಪ್ಪು ನೋಡುವವರು ಯಾರು?

“ನಾ ನೋಡತೀನಿ ಬಿಡ,” ಎಂದಳು ನೆಗೆಣ್ಣಿ. ಅವಳ ತವರು ನರಗುಂದದ ಆಚೆ, ಮಲಪ್ರಭಾ ದಂಡೆ. ಹೊಳೆಯ ಮೀನು ತಿಂದೇ ಬೆಳೆದವಳು. ನಮ್ಮ ಮನೆಗೆ ಬಂದ ಮೇಲೆ ನನ್ನ ದೆಸೆಯಿಂದ ಅವಳ ಬಾಯಿಗೆ ಮೀನು ಬೀಳುವುದೇ ಅಪರೂಪವಾಗಿತ್ತು. “ಜಗತ್ತಿನ ಮೀನೆಲ್ಲಾ ಪುಕ್ಕಟ ತಿನ್ನೂ ಯೋಗ ಯಾರಿಗೆ ಬರತೈತಿ ಯಕ್ಕಾ?” ಎಂದು ಕಣ್ಣು ಹೊಡೆದಳು.

ಮೀನು ಗೋವಾದ ಕಡೆಯಿಂದ ಬಾಡಿಗೆ ಗಾಡಿಯಲ್ಲಿ ಬರಬೇಕಿತ್ತು, ನಸುಕಿಗೇ. ರೋಣ ದಾಟುವ ಮೊದಲೇ ಗಾಡಿ ಕೆಟ್ಟು ನಿಂತು, ಬಿಸಿಲು ಚುರುಗುಟ್ಟುವ ಹೊತ್ತಿಗೆ ಗುಡ್ಡ ಹತ್ತಿತು. ಪೆಟ್ಟಿಗೆಯೊಳಗಿನ ಐಸ್ ಅರ್ಧಕ್ಕರ್ಧ ನೀರಾಗಿತ್ತು. ಆ ನೀರು ಪೆಟ್ಟಿಗೆಯ ಮೂಲೆಯಿಂದ ಸೋರಿ ಅಡುಗೆಮನೆಯ ನೆಲದ ಮೇಲೆ ಕೆಂಪಗೆ ಹರಿಯುತ್ತಿತ್ತು. ಗುಡ್ಡದ ತುಂಬ ಕರೆಂಟ್ ಮಾಡುವ ಯಂತ್ರಗಳು ಗರಗರ ತಿರುಗುತ್ತಿವೆ, ಗೆಸ್ಟ್‌ಹೌಸಿನಲ್ಲಿ ಮಾತ್ರ ಅವತ್ತು ಮುಂಜಾನೆಯಿಂದ ಕರೆಂಟ್ ಇರಲಿಲ್ಲ. ಫ್ರಿಜ್ ಬೆಚ್ಚಗೆ ಕೂತಿತ್ತು. ಮ್ಯಾನೇಜರ್ ಊರಿನಿಂದ ಒಂದು ಚೀಲ ಐಸ್ ತರಿಸಿಕೊಟ್ಟ. ಅದು ಒಂದು ಪೆಟ್ಟಿಗೆಗೆ ಸಾಲುವಷ್ಟು ಮಾತ್ರ.

ಇಲ್ಲಿ ನಾನೇನು ಮಾಡಿದೆ ಅನ್ನುವುದನ್ನು ಸರಿಯಾಗಿ ಹೇಳಬೇಕು. ನಾಲ್ಕು ಮೀನಿನಲ್ಲಿ ಮೂರು ನಾರುತ್ತಿದ್ದವು. ಹಿಲ್ಸಾ ಅಂತೂ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು, ಮೈತುಂಬ ಬೆಳ್ಳಿ ಹುರುಪೆ, ಥೂ. ಬಾಸಾ ಅನ್ನುವುದಕ್ಕೆ ತಲೆಯಿಲ್ಲ, ಬಾಲವಿಲ್ಲ, ಬೆಳ್ಳಗೆ ನೆನೆದ ಅರಿವೆಯ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಮಲಗಿತ್ತು. ಸಾಲ್ಮನ್‌ನಿಂದ ಎಣ್ಣೆ ಜಿನುಗುತ್ತಿತ್ತು. ಟ್ಯೂನಾ ಒಂದೇ ಬೇರೆ. ಕಡುಗೆಂಪು ಖಂಡ, ಎಲುಬಿಲ್ಲ, ಹುರುಪೆಯಿಲ್ಲ, ಕಣ್ಣಿಲ್ಲ, ವಾಸನೆಯಿಲ್ಲ. ನೋಡಿದರೆ ಮಟನ್ನೇ. “ಅಂತೂ ಇಂತೂ ಒಂದು ಮನುಷ್ಯರು ಮುಟ್ಟೋ ಮೀನು ಬಂತು,” ಅಂದುಕೊಂಡೆ. ನಾರುವ ಮೂರನ್ನೂ ಒಂದೇ ಪೆಟ್ಟಿಗೆಗೆ ತುಂಬಿ, ಐಸಿನಲ್ಲಿ ಹೂತು, ಮುಚ್ಚಳ ಬಡಿದು, ಮೇಲೆ ಒಂದು ಕಲ್ಲು ಹೇರಿದೆ. ಟ್ಯೂನಾವನ್ನು ಮಟನ್ ಹೆಚ್ಚಿದ ಹಾಗೆ ಹೆಚ್ಚಿ, ಅರಿಶಿನ ಉಪ್ಪು ಹಚ್ಚಿ, ತೆಳ್ಳನೆಯ ಅರಿವೆ ಮುಚ್ಚಿ ಕಟ್ಟೆಯ ಮೇಲೆ ಇಟ್ಟೆ. ನಮ್ಮಲ್ಲಿ ಮಟನ್‌ಗೆ ಮಾಡುವುದೇ ಹಾಗೆ. ಮುಂಜಾನೆ ಕೊಯ್ದದ್ದಕ್ಕೆ ಅರಿಶಿನ ಉಪ್ಪು ಹಚ್ಚಿಟ್ಟರೆ ಮಧ್ಯಾಹ್ನದ ತನಕ ಏನೂ ಆಗುವುದಿಲ್ಲ. ಇಷ್ಟು ವರ್ಷ ಏನೂ ಆಗಿಲ್ಲ.

ಐಸ್ ಬೇಕಾಗಿದ್ದುದು ನಾರುವ ಮೀನಿಗಷ್ಟೇ ಅಲ್ಲ, ನಾರದ್ದಕ್ಕೂ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನನ್ನ ಮೂಗಿಗೆ ಮೀನೆಲ್ಲ ಕೆಟ್ಟದ್ದೇ. ಕೆಡದ ಮೀನು ಯಾವುದು, ಕೆಟ್ಟ ಮೀನು ಯಾವುದು ಎಂದು ಮೂಗಿನಿಂದ ತಿಳಿಯುವ ದಾರಿ ನನಗಿರಲಿಲ್ಲ.

ಕೆಲಸ ಹಿಡಿದೆವು. ಹಿಲ್ಸಾದ ಹುರುಪೆ ತೆಗೆಯುವುದು ನೆಗೆಣ್ಣಿಯ ಪಾಲು. ಬಾಲ ಹಿಡಿದು ಚೂರಿಯ ಬೆನ್ನಿನಿಂದ ಎದುರುಮುಖವಾಗಿ ಕೆರೆದಳು. ಹುರುಪೆ ಹಾರಿ ಗೋಡೆಗೆ, ಗ್ಯಾಸಿನ ಒಲೆಗೆ, ನನ್ನ ಕೊರಳಿಗೆ ಅಂಟಿತು. ಕೊರಳಿನದನ್ನು ಕಿತ್ತು ಎಸೆದರೆ ಬೆರಳಿಗೆ ಹತ್ತಿಕೊಂಡಿತು. ಬೆರಳು ಸೀರೆಗೆ ಒರೆಸಿದರೆ ಸೀರೆಗೂ ಬಂತು. ಹೊಟ್ಟೆ ಸೀಳಿದಾಗ ಒಳಗಿನ ಕಪ್ಪು ಪೊರೆಯನ್ನು ಹೆಬ್ಬೆರಳಿನಿಂದ ಒರೆಸಿ ತೆಗೆಯಬೇಕಂತೆ. ಅವಳು ಒರೆಸಿದಳು, ನಾನು ಗೋಡೆ ನೋಡುತ್ತ ನಿಂತೆ. ಸಾಸಿವೆ ಹಸಿಮೆಣಸಿನಕಾಯಿ ಅರೆದು ಹಚ್ಚಿ ಹಬೆಗೆ ಇಟ್ಟೆವು.

ಬಾಸಾ ಇನ್ನೊಂದು ನಮೂನೆಯ ಪೀಡೆ. ಹಂಚಿನ ಮೇಲೆ ಇಟ್ಟರೆ ಗರಿಯಾಗುವುದಿಲ್ಲ, ನೀರು ಬಿಡುತ್ತದೆ. ತೊಟ್ಟಿಯ ನೀರಿನಂಥ ವಾಸನೆ ಬೇರೆ. ಮೊದಲ ಸುತ್ತು ಮುಗುಚಲು ಹೋದರೆ ಕೈಯಲ್ಲೇ ಒಡೆದು ಪುಡಿಪುಡಿಯಾಯಿತು. ಎರಡನೇ ಸುತ್ತಿಗೆ ಅರಿವೆಯಲ್ಲಿ ಒತ್ತಿ ನೀರು ಹಿಂಡಿ, ನಿಂಬೆಹಣ್ಣು ಉಪ್ಪು ಹಚ್ಚಿ, ಜೋಳದ ಹಿಟ್ಟು ರವೆ ಕಲಸಿದ್ದರಲ್ಲಿ ಹೊರಳಿಸಿ ಕಾದ ಎಣ್ಣೆಗೆ ಬಿಟ್ಟೆ. ಆಗ ನಿಂತಿತು. ವಿಡಿಯೊದಲ್ಲಿ ಜೋಳದ ಹಿಟ್ಟು ಇರಲಿಲ್ಲ. ಅದು ಅವರ ಕರ್ಮ.

ಸಾಲ್ಮನ್‌ನೊಳಗೆ ಕೂದಲೆಳೆಯಂಥ ಮುಳ್ಳು ಸಾಲಾಗಿ ನೆಟ್ಟಿರುತ್ತವೆ. ಮೇಲಿನಿಂದ ಕಾಣುವುದಿಲ್ಲ, ಬೆರಳಾಡಿಸಿದರೆ ಚುಚ್ಚುತ್ತವೆ. ಕಾಲಿಗೆ ಜಾಲಿ ಮುಳ್ಳು ಹೊಕ್ಕರೆ ಕೀಳುವ ಚಿಮಟ ನನ್ನ ಕೀಲಿಗೊಂಚಲಲ್ಲಿ ಯಾವಾಗಲೂ ಇರುತ್ತದೆ. ಅದನ್ನೇ ಕುದಿನೀರಿನಲ್ಲಿ ಅದ್ದಿ, ಸೆರಗು ಮೂಗಿಗೆ ಕಟ್ಟಿಕೊಂಡು, ಒಂದೊಂದೇ ಕೀಳುತ್ತ ಕೂತೆ.

ಟ್ಯೂನಾಕ್ಕೆ ಮ್ಯಾನೇಜರ್ ಬೇರೆಯೇ ಅಪ್ಪಣೆ ಕೊಟ್ಟಿದ್ದ. “ಅಮ್ಮಾ, ಇದಕ್ಕೆ ಒಂದು ಚೂರೂ ಖಾರ ಬೇಡ. ಮೆಣಸಿನಕಾಯಿನೂ ಬೇಡ, ಕರಿಮೆಣಸೂ ಬೇಡ. ಟೊಮೆಟೊ, ಬೆಳ್ಳುಳ್ಳಿ, ಉಪ್ಪು, ಎಣ್ಣೆ ಅಷ್ಟೇ. ಇದು ಎಲ್ಲರೂ ತಿನ್ನೋದು, ಅವ್ರಲ್ಲಿ ಕೆಲವ್ರು ಖಾರ ಮುಟ್ಟಲ್ಲ.” ಖಾರವಿಲ್ಲದ ಅಡುಗೆ ದವಾಖಾನಿಯ ಪಥ್ಯದ ಅಡುಗೆ. ಆದರೂ ಹೇಳಿದಂತೆ ದೊಡ್ಡ ಬೋಗುಣಿಯಲ್ಲಿ ಬೇಯಿಸಿದೆ. ಮಟನ್ ಕುದಿಸುವಷ್ಟು ಹೊತ್ತು ಚೆನ್ನಾಗಿ ಕುದಿಸಿದೆ. ಏನಾದರೂ ಹೊಲಸಿದ್ದರೆ ಕುದಿಯಲ್ಲಿ ಹೋಗುತ್ತದೆ ಅನ್ನುವುದು ನನ್ನ ಲೆಕ್ಕ.

ನೆಗೆಣ್ಣಿ ಉಪ್ಪು ನೋಡಲು ಶುರುಮಾಡಿದ್ದು ಅದರಿಂದಲೇ. ಒಂದು ತುಂಡು ತಿಂದಳು. ರುಚಿ ಹತ್ತಿ ಇನ್ನೊಂದು ತಿಂದಳು.

“ಹ್ಯಾಂಗೈತಿ?”

“ಭಾಳ ಚಲೋ ಆಗೇತಿ ಯಕ್ಕಾ. ಖಾರ ಸ್ವಲ್ಪ ಹೆಚ್ಚ ಹತ್ತೈತಿ ನೋಡ, ನಾಲಿಗಿ ಚುರುಚುರು ಅನ್ನಾಕತ್ತೈತಿ.”

“ಹತ್ತಲಿ ಬಿಡ,” ಎಂದೆ. ನಾನು ಸಾಲ್ಮನ್ ಮುಳ್ಳಿನಲ್ಲಿ ಮುಳುಗಿದ್ದೆ. ನಮ್ಮ ಕಡೆ ಖಾರ ಹತ್ತಿತು ಅಂದರೆ ಅಡುಗೆ ಕೈಗೂಡಿತು ಎಂದೇ ಅರ್ಥ. ಆ ಮಾತು ದಿನಕ್ಕೆ ಹತ್ತು ಸಲ ಕೇಳುವವಳು ನಾನು, ಕಿವಿಗೊಟ್ಟು ಕೇಳಲಿಲ್ಲ.

ಸಾಲ್ಮನ್ ಮುಳ್ಳು ಮುಗಿಯುವ ಹೊತ್ತಿಗೆ ಮ್ಯಾನೇಜರ್ ಒಳಬಂದ. ಇಸ್ತ್ರಿ ಮಾಡಿದ ಅಂಗಿ, ಸೆಂಟಿನ ವಾಸನೆ. ಟ್ಯೂನಾದ ಮುಚ್ಚಳ ಎತ್ತಿ ನೋಡಿ, “ಖಾರ ಹಾಕಿಲ್ಲ ತಾನೆ?” ಎಂದ.

“ಒಂದ ಚಿಟಿಕಿ ಸುದ್ದಾ ಹಾಕಿಲ್ರಿ,” ಎಂದೆ.

ಎಂದವಳು ಹಾಗೇ ನಿಂತೆ. ಖಾರವೇ ಹಾಕದ ಬೋಗುಣಿಯಲ್ಲಿ ನಾಲಿಗೆ ಚುರುಗುಟ್ಟಿಸಿದ್ದು ಏನು?

ತಿರುಗಿ ನೋಡಿದರೆ ನೆಗೆಣ್ಣಿ ನೀರಿನ ಕೊಡದ ಹತ್ತಿರ ಗೋಡೆಗೆ ಒರಗಿ ಕೂತುಬಿಟ್ಟಿದ್ದಳು. ಮುಖ, ಕೊರಳು, ಎದೆ ಎಲ್ಲ ಕೆಂಪು ಕೆಂಪು. ತೋಳಿನ ಮೇಲೆ ದದ್ದು ಏಳುತ್ತಿದ್ದವು. ಮುಟ್ಟಿದರೆ ಮೈ ಸುಡುತ್ತಿತ್ತು.

“ಯಕ್ಕಾ, ತಲಿ ಸಿಡದ ಹೋಗತೈತಿ... ಎದಿ ಢವಢವ ಅಂತೈತಿ. ಒಲಿ ಮುಂದ ಕುಂತದ್ದಕ್ಕ ಇರಬೇಕಲ್ಲ?”

“ಅಯ್ಯ ನಮ್ಮವ್ವಾ,” ಎಂದು ಅವಳನ್ನು ಹಿಡಿದುಕೊಂಡೆ. ಅಲ್ಲೇ ನನ್ನ ಸೀರೆಯ ಮೇಲೆ ವಾಂತಿ ಮಾಡಿದಳು. ಮೀನಿನ ತುಂಡು ಇನ್ನೂ ತುಂಡಾಗಿಯೇ ಇತ್ತು. ಅದನ್ನು ನೋಡಿಯೂ ಕೈ ಬಿಡಲಿಲ್ಲ. ಮುಂಜಾನೆ ನಮ್ಮನ್ನು ಕರೆತಂದು ಹೊರಗೆ ತನ್ನ ಟಂಟಂ ಆಟೊ ನಿಲ್ಲಿಸಿಕೊಂಡು ನಿಂತಿದ್ದ ಮೈದುನನನ್ನು ಕೂಗಿದೆ. ಅವನು ಹೆಂಡತಿಯನ್ನು ಎತ್ತಿ ಗಾಡಿಗೆ ಹಾಕಿಕೊಂಡು ಗುಡ್ಡ ಇಳಿದ. ಅವಳ ಕಾಲಿನ ಒಂದು ಚಪ್ಪಲಿ ಬಾಗಿಲಲ್ಲೇ ಉಳಿಯಿತು. ನಾನೂ ಹೊರಟಿದ್ದೆ. ಬಾಗಿಲು ದಾಟುವ ಮೊದಲೇ ಮ್ಯಾನೇಜರ್ ಅಡ್ಡ ನಿಂತ.

“ನೀವೂ ಹೋದ್ರೆ ಊಟದ ಗತಿ ಏನಮ್ಮಾ? ಗೆಸ್ಟ್ ಬಂದುಬಿಡ್ತಾರೆ. ಅದು ಅಲರ್ಜಿ ಅಷ್ಟೇ. ಕೆಲವರಿಗೆ ಮೀನು ಆಗಿಬರಲ್ಲ.”

“ಮಲಪ್ರಭಾ ದಂಡಿಯಾಗ ಹುಟ್ಟಿದಾಕಿಗ್ರಿ? ಮೀನ ಆಗಂಗಿಲ್ಲದ್ದ ನನಗರಿ, ಆಕಿಗಲ್ಲ. ಖಾರ ಹಾಕದ ಆಕಿ ಬಾಯಿಗೆ ಖಾರ ಹತ್ತೈತಿ. ಈ ಬೋಗುಣಿಯಾಗ ಏನೋ ಐತಿ. ಇದನ್ನ ನಾ ಯಾರಿಗೂ ಬಡಸಂಗಿಲ್ರಿ.”

ಅವನು ಬೋಗುಣಿಯತ್ತ ನೋಡಿದ, ಮೂಸಿದ, ಸ್ವಲ್ಪ ಯೋಚಿಸಿದ. ಆಮೇಲೆ ದನಿ ತಗ್ಗಿಸಿ ಹೇಳಿದ ಮಾತು ನನಗೆ ಇವತ್ತಿಗೂ ಮರೆತಿಲ್ಲ.

“ಸರಿ, ಗೆಸ್ಟ್‌ಗೆ ಬೇಡ. ಅವ್ರ ವಿಷ್ಯದಲ್ಲಿ ರಿಸ್ಕ್ ಬೇಡ. ಡ್ರೈವರ್‌ಗಳು, ವಾಚ್‌ಮನ್‌ಗಳು ಇದಾರಲ್ಲ, ಅವ್ರಿಗೆ ಹಾಕಿಬಿಡಿ. ಅಷ್ಟು ದೂರದಿಂದ ತರ್ಸಿದ್ದು ವೇಸ್ಟ್ ಆಗಬಾರ್ದು. ಒಂದಿಷ್ಟು ಖಾರದ ಪುಡಿ ಸುರಿದುಬಿಡಿ, ಅವ್ರಿಗೆ ಗೊತ್ತೇ ಆಗಲ್ಲ.”

ಮುಂಜಾನೆಯಿಂದ ಲೋಳೆ, ಹುರುಪೆ, ಕರುಳು, ಕೆಂಪು ನೀರು ಎಲ್ಲ ಮುಟ್ಟಿದ್ದೆ. ಓಕರಿಕೆ ನುಂಗಿ ನುಂಗಿ ಗಂಟಲು ಉರಿಯುತ್ತಿತ್ತು. ಆದರೆ ಆ ಇಸ್ತ್ರಿ ಅಂಗಿಯ ಮನುಷ್ಯನನ್ನು ನೋಡಿದಾಗ ಆದ ಹೇಸಿಗೆಯ ಮುಂದೆ ಅವೆಲ್ಲ ಏನೂ ಅಲ್ಲ. ಡ್ರೈವರ್‌ಗಳು ಅಂದರೆ ಯಾರು? ಸೂಡಿಯವರು, ರೋಣದವರು, ನಮ್ಮ ಖಾನಾವಳಿಯಲ್ಲಿ “ಯಕ್ಕಾ, ಇನ್ನೊಂದ ರೊಟ್ಟಿ ತಾ” ಅನ್ನುವವರು. ನಾನು ಹಾಕಿದ್ದನ್ನು ಮೂಸಿ ನೋಡದೆ ತಿನ್ನುವವರು. ಖಾರ ಹಾಕಿದರೆ ಅವರಿಗೆ ನಿಜಕ್ಕೂ ಗೊತ್ತಾಗುತ್ತಿರಲಿಲ್ಲ. ನಮ್ಮ ಬಾಯಿಯ ರುಚಿಯನ್ನೇ ನಮ್ಮ ಕುತ್ತಿಗೆಗೆ ಹಗ್ಗ ಮಾಡುತ್ತಿದ್ದ ಭಾಡ್ಯಾ.

“ಆತ್ರಿ ಸಾಹೇಬ್ರ,” ಬಾಯಿಗೆ ಬಂದಿತ್ತು. ರೂಢಿ ಅಲ್ಲವೇ. ಹಲ್ಲು ಕಚ್ಚಿ ತಡೆದೆ. ನೆಲ ಒರೆಸುವ ಫಿನೈಲಿನ ಡಬ್ಬಿ ಮೂಲೆಯಲ್ಲಿತ್ತು. ಬಿರಡೆ ತೆಗೆದು ಬೋಗುಣಿಯೊಳಗೆ ಪೂರಾ ಬಗ್ಗಿಸಿದೆ. ಕೆಂಪು ಸಾರಿನ ಮೇಲೆ ಬೆಳ್ಳಗೆ ಹಾಲಿನಂತೆ ಹರಡಿತು.

“ಏನ್ರೀ ಮಾಡಿದ್ರಿ! ತಲೆ ಕೆಟ್ಟಿದೆಯಾ ನಿಮಗೆ?”

“ಈಗ ಯಾರಿಗೆ ಬೇಕಾದ್ರೂ ಹಾಕ್ರಿ.”

“ನಾಳೆಯಿಂದ ಇಲ್ಲಿ ಕಾಲಿಡಬೇಡಿ ನೀವು!”

“ನಾಳಿದು ನಾಳಿಗೆ. ಇವತ್ತ ನಿಮ್ಮ ಮಂದಿ ಉಣಬೇಕಲ್ಲ, ಸರೀರಿ ಆಕಡೆ.”

ಅವನು ಕಾಲು ಅಪ್ಪಳಿಸುತ್ತ ಹೊರಗೆ ಹೋದ. ಹಿತ್ತಲಲ್ಲಿ ತಗ್ಗು ತೋಡಿ, ನಾಯಿ ಮುಟ್ಟದಂತೆ ಆ ಮೀನನ್ನು ಹೂತುಬಂದೆ. ಆಮೇಲೆ ಅಡುಗೆಮನೆಯಲ್ಲಿ ನಾನೊಬ್ಬಳೇ. ಉಳಿದಿದ್ದ ಸಾಲ್ಮನ್ನನ್ನೂ ಬೆಣ್ಣೆಯಲ್ಲಿ ಸುಟ್ಟು ಇಳಿಸಿದೆ. ಮುಂದೆ ಮೂರು ಮೀನು ಬೆಂದು ಕೂತಿದ್ದವು. ಅವುಗಳಲ್ಲಿ ಏನಿದೆಯೋ ಯಾರು ಬಲ್ಲರು? ಎಲ್ಲವನ್ನೂ ಸುರಿದು ಅನ್ನ ಸಾರು ಬಡಿಸೋಣ ಅನ್ನಿಸಿತು. ಆದರೆ ಐಸಿನಲ್ಲಿ ತಣ್ಣಗಿದ್ದ ಮೀನು, ನಾವೇ ಕೈಯಾರೆ ಮಾಡಿದ್ದು, ಹುಸಿ ಹೆದರಿಕೆಗೆ ಅನ್ನ ಚೆಲ್ಲುವುದು ಸರಿ ಕಾಣಲಿಲ್ಲ. ನೋಡದೆ ಬಡಿಸುವುದಂತೂ ಆಗದ ಮಾತು. ಉಪ್ಪು ನೋಡುವವಳು ದವಾಖಾನಿಯಲ್ಲಿದ್ದಳು.

ಮೊದಲು ಬಾಸಾ. ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡೆ. ಜೋಳದ ಹಿಟ್ಟಿನ ಗರಿಗರಿ ಒಂದೇ ಗುರುತಿನದು, ಒಳಗಿನದು ಮೆತ್ತಗೆ ಜಾರಿತು. ಅಗಿಯಲೇ ಬೇಕು, ಇಲ್ಲದಿದ್ದರೆ ನಾಲಿಗೆಗೆ ತಿಳಿಯುವುದಿಲ್ಲ. ಅಗಿದೆ. ಗಂಟಲು ಬೇಡ ಅಂದಿತು, ನೀರು ಕುಡಿದು ನೂಕಿದೆ. ನಾಲಿಗೆ ಚುರುಗುಟ್ಟಲಿಲ್ಲ. ಬಳಿಕ ಬೆಣ್ಣೆಯಲ್ಲಿ ಸುಟ್ಟ ಸಾಲ್ಮನ್. ಅದರ ಎಣ್ಣೆ ತುಟಿಗೆ, ಹಲ್ಲಿಗೆ, ಅಂಗುಳಕ್ಕೆಲ್ಲ ಹತ್ತಿಕೊಂಡಿತು. ಅದನ್ನೂ ನುಂಗಿದೆ. ಹಿಲ್ಸಾಕ್ಕೆ ಸಾಸಿವೆ ಮೆಣಸಿನಕಾಯಿ ಇದ್ದುದರಿಂದ ಮೋಸ ಹೋಗಬಾರದು ಅಂತ ಮಸಾಲೆ ತೊಳೆದು ಬರೀ ಮೀನು ತಿಂದೆ. ಮುಳ್ಳೇ ಮುಳ್ಳು. ಬಾಯಿಯಿಂದ ಒಂದೊಂದೇ ಮುಳ್ಳು ತೆಗೆಯುತ್ತ, ಕಣ್ಣಿನಿಂದ ನೀರು ಸುರಿಸುತ್ತ ನಿಂತೆ. ಆಮೇಲೆ ಸ್ಟೀಲ್ ತಾಟು ಎತ್ತಿ ಹಿಡಿದು ಮುಖ ನೋಡಿಕೊಳ್ಳುತ್ತ ಕಾದೆ. ಹೊರಗೆ ಅತಿಥಿಗಳು ಬಂದು ಶರಬತ್ತು ಕುಡಿದು ಮುಗಿಸಿದ್ದರು. ಮ್ಯಾನೇಜರ್ ಬಾಗಿಲಿಗೆ ಬಂದು ಬಂದು ಕೈ ಮಾಡುತ್ತಿದ್ದ. ನಾನು ಏಳಲಿಲ್ಲ. ನೆಗೆಣ್ಣಿಯ ಮುಖ ಕೆಂಪಾಗಲು ಎಷ್ಟು ಹೊತ್ತು ಹಿಡಿದಿತ್ತೋ ಅಷ್ಟೂ ಹೊತ್ತು ಕೂತೆ. ಮುಖ ಕೆಂಪಾಗಲಿಲ್ಲ, ಎದೆ ಢವಗುಟ್ಟಲಿಲ್ಲ. ಎದ್ದು ಬಡಿಸಿದೆ.

ದೊಡ್ಡ ಮಂದಿ ಬೆರಳು ಚೀಪಿ ಉಂಡರು. ಡ್ರೈವರ್‌ಗಳಿಗೆ, ವಾಚ್‌ಮನ್‌ಗಳಿಗೆ ರೊಟ್ಟಿ, ಎಣ್ಣೆಗಾಯಿ, ಜೊತೆಗೆ ಉಳಿದ ಬಾಸಾ ಹಾಕಿದೆ. ಎಲ್ಲ ಮುಗಿದು ನಮ್ಮ ಬೋಗುಣಿ ಸೌಟು ಚೀಲಕ್ಕೆ ತುಂಬುತ್ತಿದ್ದಾಗ ಮ್ಯಾನೇಜರ್ ಹಲ್ಲು ಕಿರಿಯುತ್ತ ಬಂದ. “ಎಲ್ಲರೂ ತುಂಬಾ ಹೊಗಳಿದ್ರು ಅಮ್ಮಾ. ಆಗ ಏನೋ ಟೆನ್ಷನ್‌ನಲ್ಲಿ ಅಂದುಬಿಟ್ಟೆ. ನಾಳೆ ಬೆಳಿಗ್ಗೆ ಉಪ್ಪಿಟ್ಟು ಮಾಡಿ.” ನೆಗೆಣ್ಣಿ ಹೇಗಿದ್ದಾಳೆ ಎಂದು ಒಂದು ಮಾತು ಕೇಳಲಿಲ್ಲ.

“ನಾಳಿಂದ ಬ್ಯಾರೇದವರನ್ನ ನೋಡ್ಕೋರಿ,” ಎಂದು ಅವಳ ಚಪ್ಪಲಿಯನ್ನೂ ಚೀಲಕ್ಕೆ ಹಾಕಿಕೊಂಡು ಗುಡ್ಡ ಇಳಿದೆ. ಇಳಿಯುವಾಗ ಎರಡು ಸಂಸಾರದ ಭಾರ ತಲೆಯ ಮೇಲೆ ವಾಪಸು ಬಂದು ಕೂತಿತ್ತು, ಸುಳ್ಳೇಕೆ ಹೇಳಲಿ.

ದವಾಖಾನಿಯಲ್ಲಿ ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟು ಸಲಾಯಿನ್ ಹಚ್ಚಿದ್ದರು. ಕೆಲವು ಜಾತಿಯ ಮೀನು ಬಿಸಿಲಿಗೆ ಬಿದ್ದರೆ ಒಳಗೊಳಗೇ ವಿಷ ಆಗುತ್ತದಂತೆ. ವಾಸನೆ ಬರಲೇಬೇಕೆಂದಿಲ್ಲ, ಎಷ್ಟು ಕುದಿಸಿದರೂ ಹೋಗುವುದಿಲ್ಲ. “ಎರಡ ತುಂಡಿಗೆ ನಿಂತಿದ್ದು ಚಲೋ ಆತು, ತಾಟ ತುಂಬ ತಿಂದಿದ್ರ ಇನ್ನಾ ತ್ರಾಸ ಆಗತಿತ್ತ,” ಎಂದರು. ಮೈದುನ ಮಂಚದ ಕಾಲಬದಿಗೆ ಮುದುಡಿ ಕೂತಿದ್ದ. ನೆಗೆಣ್ಣಿಯ ಮುಖದ ಕೆಂಪು ಇಳಿದಿತ್ತು, ಕಣ್ಣು ಮಾತ್ರ ಇನ್ನೂ ಬಾತಿತ್ತು.

ಗುಡ್ಡದ ಕೆಲಸ ಬಿಟ್ಟುಬಂದೆ ಎಂದು ಹೇಳಿದೆ. ಯಾಕೆ ಎಂದು ಕೇಳಿದಳು. ಡ್ರೈವರ್‌ಗಳ ಮಾತು ಹೇಳಿದೆ. “ಥೂ ಅವನ ಬಾಯಾಗ ಮಣ್ಣ ಹಾಕ,” ಎಂದಳು. ಆಮೇಲೆ ಹಣೆಯ ಮೇಲಿನ ಕೂದಲು ಸರಿಸಲು ನಾನು ಬಗ್ಗಿದಾಗ ಮೂಗು ಅರಳಿಸಿ ಮೂಸಿದಳು.

“ಯಕ್ಕಾ, ನಿನ್ನ ಬಾಯಿ ಮೀನ ನಾರಾಕತ್ತೈತಲ್ಲ.”

“ಹೂಂ.”

“ನೀ ತಿಂದಿ?”

“ತಿಂದೆ. ಮೂರೂ ತಿಂದೆ.”

“ನೀನ? ಖರೇನ? ಯಾಕ ಯಕ್ಕಾ?”

“ಯಾಕಂದ್ರ? ಉಪ್ಪ ನೋಡಾಕ ನೀ ಎಲ್ಲಿದ್ದಿ ಅಲ್ಲಿ?” ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಹೊಟ್ಟೆಯೊಳಗಿನ ಸಾಲ್ಮನ್ ಮೇಲಕ್ಕೆ ಬಂತು, ನಾನು ಕೈ ಬಿಡಿಸಿಕೊಂಡು ಬಚ್ಚಲಿಗೆ ಓಡಿದೆ.